ಮಗಳಿಗೊಂದು ಪತ್ರ: ದಪ್ಪ ಪುಸ್ತಕ, ಪಕ್ಕದಲ್ಲೇ ಮೊಬೈಲು

ಪ್ರೀತಿಯ ಪುಟ್ಟಿ,

‘ಮಲೆಗಳಲ್ಲಿ ಮದುಮಗಳು’ ಹಿಡಿದರೆ ಹತ್ತು ಪುಟ ದಾಟುವುದಿಲ್ಲ ಅಂದೆಯಲ್ಲ, ತಪ್ಪು ನಿನ್ನದೂ ಅಲ್ಲ, ಕಾದಂಬರಿಯದೂ ಅಲ್ಲ. ನೀನು ಓದುತ್ತಿರುವುದು ವಾಟ್ಸಾಪ್‌ನಲ್ಲಿ ಹರಿದುಬಂದ ಸ್ಕ್ಯಾನ್ ಪ್ರತಿ. ನಮ್ಮ ಪುಸ್ತಕಗಳ ಮಾಮೂಲಿ ಅಳತೆಯಾದ ಡೆಮಿ 1/8 ಪುಟದ ಅಗಲ ಸುಮಾರು ಐದೂವರೆ ಇಂಚು. ಮೊಬೈಲಿನ ಪರದೆಯದು ಮೂರಕ್ಕೂ ಕಡಿಮೆ. ಅಲ್ಲಿಗೆ ಅಕ್ಷರ ಅರ್ಧಕ್ಕಿಳಿಯಿತು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ‘ದ’ಕ್ಕೂ ‘ಧ’ಕ್ಕೂ ಒಂದು ಸಣ್ಣ ಗೀಟಿನಷ್ಟೇ ಅಂತರ. ಅದು ಮಸುಕಾದರೆ ಕಣ್ಣು ಪದಪದಕ್ಕೂ ತಡವರಿಸುತ್ತದೆ. ಹಿಗ್ಗಿಸಿದೆಯೋ, ಸಾಲು ಪರದೆಯಾಚೆ ಹೋಯಿತು. ಆಮೇಲೆ ಓದುವುದಕ್ಕಿಂತ ಬೆರಳಿನಲ್ಲಿ ಎಳೆಯುವುದೇ ಕೆಲಸ. ಸಾಲದ್ದಕ್ಕೆ ಅದು ಕಳ್ಳ ಪ್ರತಿ. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ; ಕುವೆಂಪು ತೀರಿಕೊಂಡದ್ದು 1994ರಲ್ಲಿ, ಹಾಗಾಗಿ 2054 ಮುಗಿಯುವವರೆಗೆ.

ಅಚ್ಚಿನ ಪ್ರತಿಯನ್ನೇ ಕೊಳ್ಳು. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪುಟಸಂಖ್ಯೆ ನೋಡಿಕೊ. ನಮ್ಮ ಪುಸ್ತಕಗಳನ್ನು ಹೆಚ್ಚಾಗಿ 16 ಪುಟಗಳ ಫಾರಂ ಲೆಕ್ಕದಲ್ಲಿ ಅಚ್ಚು ಹಾಕಿ, ಮಡಿಸಿ, ಜೋಡಿಸುತ್ತಾರೆ. ಜೋಡಿಸುವಾಗ ಕೈತಪ್ಪಿದರೆ ಒಂದು ಪುಟ ಹೋಗುವುದಿಲ್ಲ, ಇಡೀ ಫಾರಮ್ಮೇ ಹೋಗುತ್ತದೆ ಅಥವಾ ಎರಡು ಸಲ ಬರುತ್ತದೆ. ಏಳುನೂರು ಪುಟದ ಕಾದಂಬರಿಯ ನಡುವೆ 16 ಪುಟ ಇಲ್ಲವೆಂದು ಆರನೇ ದಿನ ಗೊತ್ತಾಗುವುದಕ್ಕಿಂತ ದೊಡ್ಡ ಕಿರಿಕಿರಿ ಓದುಗರಿಗೆ ಇನ್ನೊಂದಿಲ್ಲ. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಾಮಾನ್ಯವಾಗಿ ಕಾಗದದ ವಿವರವೂ ಇರುತ್ತದೆ. 70 ಜಿ.ಎಸ್.ಎಂ. (ಚದರ ಮೀಟರಿಗೆ 70 ಗ್ರಾಂ ತೂಕ) ಮ್ಯಾಪ್ಲಿತೋ ಅನ್ನುವ ಅಚ್ಚಿನ ಕಾಗದ ಅಂತಿದ್ದರೆ ಸರಿ. ಅದಕ್ಕಿಂತ ತೆಳುವಾದರೆ ಹಿಂದಿನ ಪುಟದ ಅಕ್ಷರ ಮುಂದೆ ಇಣುಕುತ್ತದೆ.

ಅಂಟಿನ ಬೈಂಡಿನ ದಪ್ಪ ಪುಸ್ತಕವನ್ನು ತಂದ ಕೂಡಲೇ ನಡುವಿಗೆ ಬಿಡಿಸಬೇಡ, ಬೆನ್ನು ಬಿರಿಯುತ್ತದೆ. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸು. ಮುಂದಿನಿಂದ ಹತ್ತಿಪ್ಪತ್ತು ಹಾಳೆ, ಹಿಂದಿನಿಂದ ಅಷ್ಟೇ ಹಾಳೆ, ಒಂದಾದ ಮೇಲೊಂದು ಮಲಗಿಸಿ ಒಳಮಡಿಕೆಯನ್ನು ಮೆಲ್ಲಗೆ ಒತ್ತುತ್ತಾ ನಡುವಿಗೆ ಬಾ.

ಈಗ ಓದು. ಈ ಕಾದಂಬರಿಯಲ್ಲಿ ಜನ ಸೋತುಹೋಗುವುದು ಹೆಸರುಗಳ ನಡುವೆ. ಅರ್ಧ ಹಾಳೆ ತೆಗೆದುಕೊಂಡು ಹೆಸರುಗಳನ್ನು ಊರು, ಮನೆಯ ಲೆಕ್ಕದಲ್ಲಿ ಬರೆಯುತ್ತಾ ಹೋಗು: ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು. ಒಂದೊಂದರ ಕೆಳಗೆ ಅಲ್ಲಿನ ಒಡೆಯರು, ಆಳುಗಳು, ಯಾರಿಗೆ ಯಾರು ಏನಾಗಬೇಕು ಅನ್ನುವುದು. ಅಕಾರಾದಿಯಾಗಿ ಬರೆದರೆ ಪ್ರಯೋಜನವಿಲ್ಲ. ಕುವೆಂಪು ಕಟ್ಟಿರುವುದೇ ಮನೆಮನೆಯಾಗಿ. ಆ ಹಾಳೆಯೇ ಬುಕ್‌ಮಾರ್ಕ್ ಆಗಲಿ. ನೂರು ಪುಟ ದಾಟಿದ ಮೇಲೆ ಅದನ್ನು ನೋಡುವ ಅಗತ್ಯವೇ ಕಡಿಮೆಯಾಗುತ್ತದೆ, ಸುಖ ಶುರುವಾಗುವುದೂ ಅಲ್ಲಿಂದಲೇ. ಸಿಂಬಾವಿಯ ಆಳು ನಾಯಿಗುತ್ತಿ ಕಾಡಿನ ಹಾದಿ ಹಿಡಿದರೆ ಅವನು ಎಲ್ಲಿಂದ ಎಲ್ಲಿಗೆ ಹೊರಟಿದ್ದಾನೆ ಅನ್ನುವುದು ನಿನಗೇ ಗೊತ್ತಿರುತ್ತದೆ.

ಮಲೆನಾಡಿನ ಮಾತು ಅರ್ಥವಾಗದಿದ್ದಾಗ ನಿಘಂಟು ನೋಡುವ ನೆಪದಲ್ಲೇ ಮೊಬೈಲು ಕೈಗೆ ಬರುತ್ತದೆ, ಆಮೇಲೆ ಇಪ್ಪತ್ತು ನಿಮಿಷ ಎಲ್ಲಿ ಹೋಯಿತೋ ಯಾರಿಗೆ ಗೊತ್ತು! ಪದದ ಕೆಳಗೆ ಎಚ್‌ಬಿ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡು, ಓದುತ್ತಾ ಹೋಗು. ಅಧ್ಯಾಯ ಮುಗಿದ ಮೇಲೆ ಚುಕ್ಕಿಗಳನ್ನೆಲ್ಲ ಒಟ್ಟಿಗೆ ‘ಅಲರ್’ ಎಂಬ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ನೋಡಿದರಾಯಿತು. ಅರ್ಧದಷ್ಟು ಆಗಲೇ ಸಂದರ್ಭದಿಂದ ತಿಳಿದಿರುತ್ತವೆ. ಮೊಬೈಲನ್ನು ಮಗುಚಿ ಇಟ್ಟರೆ ಸಾಲದು, ಎದ್ದು ಹೋಗಿ ತರಬೇಕಾದಷ್ಟು ದೂರ ಇಡು. ಮೊದಲ ಕಾಲು ಗಂಟೆ ಚಡಪಡಿಕೆ ಇದ್ದೇ ಇರುತ್ತದೆ. ಅದಕ್ಕೇ ಹತ್ತು ನಿಮಿಷದ ಓದು ಈ ಪುಸ್ತಕಕ್ಕೆ ಒಗ್ಗುವುದಿಲ್ಲ, ಒಂದು ಸಲ ಕೂತರೆ ಮುಕ್ಕಾಲು ಗಂಟೆಯಾದರೂ ಬೇಕು.

ಪರದೆ ಬೇಡವೇ ಬೇಡ ಅಂತಲ್ಲ. ಸಣ್ಣಕತೆ, ಪ್ರಬಂಧಗಳಿಗೆ ಇ-ಪುಬ್ ರೂಪದ ಇ-ಪುಸ್ತಕ ಚೆನ್ನ. ಅಕ್ಷರ ದೊಡ್ಡದು ಮಾಡಿದರೂ ಸಾಲು ತಾನಾಗಿ ಮಡಚಿಕೊಳ್ಳುತ್ತದೆ. ಕೊಳ್ಳುವ ಮೊದಲು ಮಾದರಿ ಪುಟಗಳನ್ನು ಓದು. ‘ಪ’ ಇರಬೇಕಾದಲ್ಲಿ ‘ವ’, ‘ಬ’ ಇರಬೇಕಾದಲ್ಲಿ ‘ಭ’ ಕಂಡರೆ ಸ್ಕ್ಯಾನ್ ಪುಟದಿಂದ ಯಂತ್ರ ಓದಿದ್ದನ್ನು ಯಾರೂ ತಿದ್ದಿಲ್ಲ ಅಂತ ತಿಳಿ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿದ್ದರೆ ಹಳೆಯ ಫಾಂಟಿನಿಂದ ಯೂನಿಕೋಡಿಗೆ ತರುವಾಗ ಕೆಟ್ಟಿರಬಹುದು.

ಆದರೆ ಸಾಲು ತಾನಾಗಿ ಮಡಚಿಕೊಳ್ಳುವ ಇ-ಪುಬ್‌ನ ಗುಣವೇ ಕುಮಾರವ್ಯಾಸನಿಗೆ ಶತ್ರು. ಭಾಮಿನಿ ಷಟ್ಪದಿಯ 1, 2, 4, 5ನೇ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ಕ್ಕೆ 23. ಕಿರಿದಾದ ಪರದೆಯಲ್ಲಿ ಉದ್ದ ಸಾಲು ಎಲ್ಲೆಂದರಲ್ಲಿ ಮುರಿದು, ಆರು ಸಾಲಿನ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ, ಲಯ ಸಿಕ್ಕುವುದಿಲ್ಲ. ಮೊಬೈಲನ್ನು ಅಡ್ಡ ತಿರುಗಿಸಿ, ಮೂರನೆಯ ಸಾಲು ಒಂದೇ ಸಾಲಾಗಿ ನಿಲ್ಲುವಷ್ಟು ಅಕ್ಷರ ಕಿರಿದು ಮಾಡು. ಹೆಡ್‌ಫೋನಿನಲ್ಲಿ ಗಮಕ (ರಾಗವಾಗಿ ಮಾಡುವ ಕಾವ್ಯವಾಚನ) ಕೇಳುತ್ತಾ ಅದೇ ಪದ್ಯದ ಮೇಲೆ ಕಣ್ಣಾಡಿಸು. ಆಮೇಲೆ ಧ್ವನಿ ನಿಲ್ಲಿಸಿ ನೀನೇ ಗಟ್ಟಿಯಾಗಿ ಓದು. ಮೂರು-ನಾಲ್ಕು ಮಾತ್ರೆಯ ನಡೆ ಬಾಯಿಗೆ ಹತ್ತಲು ಹತ್ತಾರು ಪದ್ಯ ಬೇಕಾಗಬಹುದು. ರೂಮ್‌ಮೇಟ್ ಬೈದರೆ ಅವಳಿಗೂ ಒಂದು ಪದ್ಯ ಓದಿಸು.

ಇತಿ,
ಅಪ್ಪ