ಪಟ್ಟಿ ಕಟ್ಟೋ ಸಿಪಾಯಿಗೆ

ಚಿ. ಮಂಜುನಾಥನಿಗೆ ಬೆಳಗಾವಿಯಿಂದ ನಿನ್ನ ಮಾವನ ಆಶೀರ್ವಾದ.

ಆರ್ಮಿ ಮೆಡಿಕಲ್ ಕೋರ್‌ಗೆ ಆಯ್ಕೆಯಾಗಿ ಲಖನೌಗೆ ಹೊರಟಿದ್ದೀಯ, ಸಂತೋಷ. ಆದರೆ ಊರಲ್ಲಿ ಯಾರೋ "ಬಂದೂಕು ಬಿಟ್ಟು ಪಟ್ಟಿ ಕಟ್ಟಾಕ ಹೊಂಟಾನ" ಅಂದರಂತೆ, ನೀನು ಮುಖ ಸಣ್ಣ ಮಾಡಿಕೊಂಡಿಯಂತೆ. ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಅದೇ ಕೆಲಸ ಮಾಡಿ ಪೆನ್ಶನ್ ತಗೊಂಡವನು ನಾನು. ಸ್ವಲ್ಪ ಕೇಳು.

1792ರ ಸುಮಾರಿಗೆ ಫ್ರಾನ್ಸ್ ಸೈನ್ಯದ ಆಸ್ಪತ್ರೆ ಗಾಡಿಗಳು ಕಾಳಗದಿಂದ ಮೈಲಿಗಟ್ಟಲೆ ಹಿಂದೆ ನಿಲ್ಲುತ್ತಿದ್ದವು. ಗುಂಡು ನಿಂತ ಮೇಲೆಯೇ ಗಾಯಾಳುಗಳನ್ನು ಎತ್ತೋದು. ಲಾರೆ ಅನ್ನೋ ಡಾಕ್ಟರ್ ಹಗುರ ಕುದುರೆಗಾಡಿ ಮಾಡಿಸಿ, ಕಾಳಗ ನಡೆಯುವಾಗಲೇ ಒಳಗೆ ನುಗ್ಗಿಸಿದ. ಗಾಯ ಜಾಸ್ತಿ ಆದವನಿಗೆ ಮೊದಲು ಚಿಕಿತ್ಸೆ, ದರ್ಜೆ ನೋಡೋದಿಲ್ಲ ಅಂದ.

ಇದು ಗೊತ್ತಿದ್ದೂ ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಮೆಸಪೊಟೇಮಿಯಾದಲ್ಲಿ (ಈಗಿನ ಇರಾಕ್) ಏನಾಯಿತು? ತುರ್ಕರ ವಿರುದ್ಧ ಬ್ರಿಟಿಷರು ಮಾಡಿದ ಟೆಸಿಫಾನ್ ಕಾಳಗದಲ್ಲಿ ಮರಾಠಾ ಪಲ್ಟನ್‌ಗಳೂ ಇದ್ದವು. ಇಲ್ಲಿ ಕ್ಯಾಂಪ್‌ನಲ್ಲಿ ನೀನು ನೋಡಿದ್ದೀಯಲ್ಲ, ಅದೇ ರೆಜಿಮೆಂಟಿನ ಹಿರಿಯರು. ಮುರಿದ ಕಾಲಿನವರನ್ನು ಸ್ಪ್ರಿಂಗ್ ಇಲ್ಲದ ಗಾಡಿಯಲ್ಲಿ ಕುಲುಕಾಡಿಸಿ ನದಿಗೆ ತಂದರು. ಅಲ್ಲಿಂದ ಕಿಕ್ಕಿರಿದ ದೋಣಿಗಳಲ್ಲಿ ದಿನಗಟ್ಟಲೆ ಬಸ್ರಾವರೆಗೆ. ಶೌರ್ಯಕ್ಕೇನೂ ಕಡಿಮೆ ಇರಲಿಲ್ಲ, ಗಾಡಿಗೆ ಕಡಿಮೆ ಇತ್ತು.

ಅದೇ ಯುದ್ಧದಲ್ಲಿ ಯುರೋಪಿನ ಕಡೆ ಗುಂಡು ಬಿದ್ದು ತೊಡೆಮೂಳೆ ಮುರಿದರೆ ಹೆಚ್ಚಿನವರು ಸಾಯುತ್ತಿದ್ದರು. ಸಾಗಿಸುವಾಗ ಮೂಳೆ ಅಲುಗಾಡಿ ಒಳಗೇ ರಕ್ತ ಹೋಗುತ್ತಿತ್ತು. ಲಿವರ್‌ಪೂಲ್‌ನ ಡಾಕ್ಟರ್ ಥಾಮಸ್ ಕಾಲು ಎಳೆದು ಹಿಡಿಯುವ ಕಬ್ಬಿಣದ ಚೌಕಟ್ಟು ಮಾಡಿದ್ದ. ಅವನು ಬದುಕಿದ್ದಾಗ ಯಾರೂ ಅಷ್ಟಾಗಿ ಕೇಳಲಿಲ್ಲ. 1891ರಲ್ಲಿ ತೀರಿಕೊಂಡ. ಅವನ ಹೆಂಡತಿ ಕಡೆಯ ಸೋದರಳಿಯ ರಾಬರ್ಟ್ ಜೋನ್ಸ್ ಅದನ್ನು ಸೈನ್ಯಕ್ಕೆ ಒಯ್ದ. ಸ್ಟ್ರೆಚರ್ ಹೊರುವವರು ಕಣ್ಣು ಕಟ್ಟಿಕೊಂಡು ಅದನ್ನು ಹಾಕೋದು ಕಲಿತರು. ಸಾಯುವವರು ಭಾರೀ ಕಡಿಮೆಯಾದರು. ಮಾವನ ಮಾತು ಕೇಳಿದ ಅಳಿಯ, ನೋಡು!

ನೀನೂ ಕತ್ತಲಲ್ಲಿ ಟೂರ್ನಿಕೆಟ್ (ರಕ್ತ ನಿಲ್ಲಿಸೋಕೆ ಕೈಕಾಲಿಗೆ ಕಟ್ಟೋ ಪಟ್ಟಿ) ಬಿಗಿಯೋದು ರೂಢಿ ಮಾಡಿಕೋ. ಒಂದೇ ಕೈಯಲ್ಲಿ, ನಿನಗೆ ನೀನೇ ಕೂಡ. ಕಟ್ಟಿದ ಸಮಯ ಬರೆ. ರಕ್ತ ಚಿಮ್ಮುತ್ತಿದ್ದರೆ ಅದನ್ನು ಮೊದಲು ನಿಲ್ಲಿಸು, ಉಳಿದದ್ದು ಆಮೇಲೆ. ಕೂಗುವವನಿಗೆ ಉಸಿರಿದೆ, ಸುಮ್ನೆ ಬಿದ್ದವನ ಹತ್ತಿರ ಮೊದಲು ಹೋಗು. ಅವನು ವೈರಿಯಾದರೂ ಅಷ್ಟೇ, ಗಾಯಾಳು ಯಾವ ದೇಶದವನಾದರೂ ಆರೈಕೆ ಮಾಡಬೇಕು ಅನ್ನೋದು 1864ರ ಜಿನೀವಾ ಒಪ್ಪಂದದಿಂದಲೂ ನಿಯಮ. ಸಣ್ಣ ಗಾಯದ ಸಾಹೇಬರು ಅವಸರ ಮಾಡಿದರೆ "ಸರ್, ಸ್ವಲ್ಪ ತಡೀರಿ" ಅನ್ನೋಕೆ ಹೆದರಬೇಡ.

ವಾರಕ್ಕೊಮ್ಮೆ ಅವ್ವನಿಗೆ ಫೋನ್ ಮಾಡು.

ಇತಿ,
ನಿನ್ನ ಮಾವ