ಅಂಗಡಿ ಕಿಟಕಿಯಲ್ಲಿದ್ದ ಆಸ್ಕರ್

ಪ್ರೀತಿಯ ತಂಗಿ,

ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ತುಂಬಾ ಓದಿಕೊಂಡು ಬರೆದಿದ್ದೀಯ, ಖುಷಿಯಾಯಿತು. ಆದರೆ ಮೊದಲ ಎರಡು ಪುಟ ಬರೀ ಸಿನಿಮಾಗಳ ಪಟ್ಟಿ. ಅದನ್ನು ತೆಗೆದುಬಿಡು. 1908ರಲ್ಲಿ ಪೆನ್ಸಿಲ್ವೇನಿಯಾದ ಇಂಡಿಯಾನಾ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರು, ಪ್ರಿನ್ಸ್‌ಟನ್‌ನಲ್ಲಿ ಆರ್ಕಿಟೆಕ್ಚರ್ ಓದಿದರು, ನಾಟಕದಿಂದ ಸಿನಿಮಾಕ್ಕೆ ಬಂದರು. ಶುರುವಿಗೆ ಇಷ್ಟು ಸಾಕು.

ನೀನು ನಿಲ್ಲಬೇಕಿದ್ದ ಜಾಗವೇ ಬೇರೆ. ಅವರ ಅಪ್ಪನದು ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ. 1941ರ ಫೆಬ್ರವರಿಯಲ್ಲಿ ಮಗನಿಗೆ ಆಸ್ಕರ್ ಬಂತು. ಅಪ್ಪ ಅದನ್ನು ಊರಿಗೆ ತರಿಸಿಕೊಂಡು ಅಂಗಡಿಯ ಕಿಟಕಿಯಲ್ಲಿಟ್ಟರು. ವರ್ಷಗಟ್ಟಲೆ ಅಲ್ಲೇ ಇತ್ತು. ಮೊಳೆ ಕೊಳ್ಳಲು ಬಂದವರ ಕಣ್ಣಿಗೂ ಆ ಚಿನ್ನದ ಬಣ್ಣದ ಗೊಂಬೆ ಬೀಳುತ್ತಿತ್ತು. ನೀನು ಇದನ್ನು ಅರ್ಧ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ! ಅಪ್ಪನ ಹೆಮ್ಮೆ, ಮಗ ಬಂದ ಮನೆ, ಎಲ್ಲಾ ಆ ಕಿಟಕಿಯಲ್ಲೇ ಇದೆ ಅಲ್ವಾ?

ಇನ್ನು ಯುದ್ಧದ ಭಾಗ. ಆಸ್ಕರ್ ಬಂದು ಒಂದು ತಿಂಗಳಾಗುವ ಮೊದಲೇ ಅವರು ಸೈನ್ಯ ಸೇರಿದರು. ಅದಕ್ಕೂ ಮುಂಚೆ ತೂಕ ಸಾಲದು ಅಂತ ಒಮ್ಮೆ ವಾಪಸ್ ಕಳಿಸಿದ್ದರು. ಮುಂದೆ ಇಂಗ್ಲೆಂಡಿನಿಂದ ಬಾಂಬರ್ ವಿಮಾನದಲ್ಲಿ 20 ಸಲ ಯುದ್ಧಕ್ಕೆ ಹೋಗಿಬಂದರು. ಕರ್ನಲ್ ಆಗಿ ಮನೆಗೆ ಮರಳಿದರು. ಆ ದಿನಗಳ ಬಗ್ಗೆ ಜಾಸ್ತಿ ಮಾತಾಡಲಿಲ್ಲ.

ಆಮೇಲೆ ಬಂದದ್ದು 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಸಂಸ್ಥೆಯ ಹಣ ಕಳೆದುಹೋಗಿ ಕಂಗಾಲಾದ ಜಾರ್ಜ್ ಬೇಯ್ಲಿ (ಸ್ಟುವರ್ಟ್ ಮಾಡಿದ ಪಾತ್ರ) ಬಾರಿನಲ್ಲಿ ಕೂತು ದೇವರನ್ನು ಬೇಡಿಕೊಳ್ಳುತ್ತಾನೆ. ಸ್ಟುವರ್ಟ್ ಅಲ್ಲಿ ಅಳುವುದೆಂದು ಮೊದಲೇ ಯೋಚಿಸಿರಲಿಲ್ಲ, ಅಳು ತಾನಾಗಿ ಬಂತು. ಕ್ಯಾಮೆರಾ ದೂರದಲ್ಲಿತ್ತು. ಇನ್ನೊಮ್ಮೆ ಹಾಗೆ ಮಾಡಲು ಅವರಿಂದ ಆಗುವಂತಿರಲಿಲ್ಲ. ಹಾಗಾಗಿ ನಿರ್ದೇಶಕ ಫ್ರಾಂಕ್ ಕಾಪ್ರಾ ಲ್ಯಾಬಿನಲ್ಲಿ ಆ ಫ್ರೇಮುಗಳನ್ನೇ ದೊಡ್ಡದು ಮಾಡಿಸಿ ಮುಖವನ್ನು ಹತ್ತಿರ ತಂದರು.

ಇಲ್ಲಿ ನೀನು 'ಯುದ್ಧದ ನೋವೇ ಕಣ್ಣೀರಾಗಿ ಹರಿಯಿತು' ಎಂದು ಬರೆದಿದ್ದೀಯ. ನಿನಗೆ ಹೇಗೆ ಗೊತ್ತು? ಎಲ್ಲೂ ದಿಕ್ಕು ಕಾಣದ ಜನರ ಒಂಟಿತನ ಆ ಗಳಿಗೆಯಲ್ಲಿ ತನ್ನನ್ನು ತಟ್ಟಿತು ಎಂದು ಸ್ಟುವರ್ಟ್ ತಾವೇ ಮುಂದೆ ಬರೆದಿದ್ದಾರೆ. ಅದನ್ನು ಬರೆ. ಹಿಂದಿನ ಪ್ಯಾರಾದಲ್ಲಿ ಆ 20 ಹಾರಾಟ ಇರಲಿ. ನಡುವೆ 'ಆದ್ದರಿಂದ' ಬೇಡ. ಚೆಂದದ ಸಾಲು ಅಳಿಸುವಾಗ ಹೊಟ್ಟೆ ಚುರುಕ್ ಅನ್ನುತ್ತದೆ, ನನಗೂ ಗೊತ್ತು. ಆದರೂ ಅವರು ಹೇಳದೆ ಬಿಟ್ಟದ್ದನ್ನು ನಾವು ಅವರ ಬಾಯಲ್ಲಿ ತುರುಕಬಾರದು.

ತಿದ್ದಲು ಕೂರುವ ಮುಂಚೆ ಆ ದೃಶ್ಯವನ್ನು ಮತ್ತೆ ನೋಡು. ಮುಖ ಹತ್ತಿರ ಬರುವಾಗ ಚಿತ್ರ ಸ್ವಲ್ಪ ಒರಟಾಗುತ್ತದೆ. ಲ್ಯಾಬಿನಲ್ಲಿ ಹಿಗ್ಗಿಸಿದ ಗುರುತು ಅದು. ಅದನ್ನು ಕಣ್ಣಾರೆ ನೋಡಿ ಬರೆದು ಕಳಿಸು, ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿನ್ನ ಅಣ್ಣ