ಪಾದ್ರಿಗೇಕೆ ಕ್ಷಮೆ?

ಮಾನ್ಯ ಸಂಪಾದಕರೇ,

ಷೇಕ್ಸ್‌ಪಿಯರ್‌ನ ನಾಟಕದಲ್ಲಿ ರೋಮಿಯೊ, ಜೂಲಿಯೆಟ್ ಸತ್ತಿದ್ದಕ್ಕೆ ಎರಡು ಮನೆತನಗಳ ಹಗೆಯೇ ಕಾರಣ ಎಂದು ಹೇಳಿ ಪಾಠ ಮುಗಿಸುವುದು ರೂಢಿ. ಹಗೆ ಇತ್ತು, ನಿಜ. ರೋಮಿಯೊನ ಗೆಳೆಯ ಮರ್ಕ್ಯೂಷಿಯೊ, ಜೂಲಿಯೆಟ್‌ಳ ಸೋದರ ಸಂಬಂಧಿ ಟಿಬಾಲ್ಟ್ ಸತ್ತದ್ದು ಅದರಿಂದಲೇ. ಆದರೆ ಪ್ರೇಮಿಗಳ ಸಾವಿನ ಲೆಕ್ಕ ಕೇಳಬೇಕಾದದ್ದು ಪಾದ್ರಿ ಲಾರೆನ್ಸ್‌ನನ್ನು.

ಹದಿನಾಲ್ಕೂ ತುಂಬದ ಹುಡುಗಿಗೆ ಹೆತ್ತವರಿಗೆ ತಿಳಿಸದೆ ಮದುವೆ ಮಾಡಿಸಿದವನು ಆತ. ಮನೆತನಗಳು ಒಂದಾಗಲಿ ಎಂಬ ಸದುದ್ದೇಶವಂತೆ! ಒಂದಾಗಬೇಕಾದರೆ ಮದುವೆಯ ಸುದ್ದಿ ಹೊರಗೆ ಬರಬೇಕಲ್ಲವೇ? ಹೆತ್ತವರು ಆರಿಸಿದ ವರ ಪ್ಯಾರಿಸ್ ಜೊತೆ ಮದುವೆ ನಿಶ್ಚಯವಾದಾಗಲೂ 'ಇವಳಿಗೆ ಆಗಲೇ ಮದುವೆಯಾಗಿದೆ' ಎಂಬ ಒಂದು ಮಾತು ಅವನ ಬಾಯಿಂದ ಹೊರಡಲಿಲ್ಲ. ಬದಲಿಗೆ 42 ಗಂಟೆ ಹೆಣದಂತೆ ಮಲಗಿಸುವ ಔಷಧ ಕೊಟ್ಟ. ಈ ಉಪಾಯ ತಿಳಿಸಲು ರೋಮಿಯೊಗೆ ಓಲೆ ಒಯ್ಯುತ್ತಿದ್ದವನು ಪ್ಲೇಗಿನ ಶಂಕೆಯಿಂದ ಮನೆಯೊಂದರಲ್ಲಿ ಸಿಕ್ಕಿಬಿದ್ದದ್ದು ದುರದೃಷ್ಟ, ಒಪ್ಪೋಣ. ಆದರೆ ಸಮಾಧಿಯೊಳಗೆ, ತಾನು ಸತ್ತಳೆಂದು ನಂಬಿ ವಿಷ ಕುಡಿದ ಗಂಡನ ಹೆಣದ ಪಕ್ಕ ಎಚ್ಚರಗೊಂಡು, ಬರಲೊಲ್ಲೆನೆಂದ ಹುಡುಗಿಯನ್ನು ಬಿಟ್ಟು, ಕಾವಲಿನವರ ಸದ್ದಿಗೆ ಹೆದರಿ ಓಡಿದನಲ್ಲ, ಅದಕ್ಕೆ ಯಾವ ಗ್ರಹಚಾರವನ್ನು ದೂರೋಣ? ಕಠಾರಿ ಅಲ್ಲೇ ಇತ್ತು.

ಒಪ್ಪದಿದ್ದರೆ ಬೀದಿಯಲ್ಲಿ ಸಾಯಿ ಎಂದು ಮಗಳಿಗೆ ಗದರಿದ ಕ್ಯಾಪ್ಯುಲೆಟ್‌ನದೂ ಪಾಲಿದೆ. ಕಣ್ಣು ಮುಚ್ಚಿ ಕುಳಿತಿದ್ದೆನೆಂದು ವೆರೋನಾದ ದೊರೆಯೇ ಒಪ್ಪುತ್ತಾನೆ. ಆದರೂ ಪಾದ್ರಿಯ ವಿಷಯ ಬಂದಾಗ, ನೀನು ಸಾಧು ಎಂದೇ ಬಲ್ಲೆವು ಎಂದು ಅಲ್ಲಿಗೇ ಬಿಟ್ಟುಬಿಡುತ್ತಾನೆ.

ಷೇಕ್ಸ್‌ಪಿಯರ್‌ಗೆ ಆಧಾರವಾದ ಆರ್ಥರ್ ಬ್ರೂಕ್‌ನ 1562ರ ಕಾವ್ಯದಲ್ಲಂತೂ ರೋಮಿಯೊಗೆ ವಿಷ ಮಾರಿದ ಬಡವನಿಗೆ ಗಲ್ಲು, ಜೂಲಿಯೆಟ್‌ಳ ದಾದಿಗೆ ಗಡೀಪಾರು, ಪಾದ್ರಿಗೆ ಬಿಡುಗಡೆ.

– ಒಬ್ಬ ಓದುಗ, ಧಾರವಾಡ